ಕಷ್ಟದ ಪ್ರಶ್ನೆಗಳು

ಆ ಮನೆಯಲ್ಲಿ ಪರೀಕ್ಷೆಯ ವಿಷಯ ಬಂದರೆ ಅಕ್ಕ ಹೇಳಿದ್ದೇ ಕೊನೆ. ಹೈಸ್ಕೂಲಿನ ಗಣಿತದ ಟೀಚರು, ಸಾಲದ್ದಕ್ಕೆ ಹದಿನೈದು ವರ್ಷದ ಹಿಂದೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು ಒಂದೇ ಏಟಿಗೆ ಗೆದ್ದವಳು. ಕೇಳಬೇಕೆ! ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ತಂಗಿ ಅದೇ ಪರೀಕ್ಷೆಗೆ ಕೂರುತ್ತೇನೆಂದಾಗ ಅಕ್ಕ ಟೊಂಕ ಕಟ್ಟಿ ನಿಂತಳು. ತಂಗಿಗೆ ಬೇಕಾಗಿದ್ದ ಕೋರ್ಸಿಗೆ ಮೂವತ್ತು ವರ್ಷದ ವಯೋಮಿತಿಯಿತ್ತು, ಅವಳಿಗೆ ಇದೇ ಕೊನೆಯ ವರ್ಷ.

ತಂಗಿ ನಿಯಮಗಳ ಪುಸ್ತಿಕೆ ತಂದರೆ, "ಅದೇನು ಓದೋದು, ನಂಗೊತ್ತಿಲ್ವಾ? ಲೆಕ್ಕ ಮಾಡು" ಎಂದು ಅಕ್ಕ ಅದನ್ನು ಮೂಲೆಗೆ ತಳ್ಳಿದಳು. ಆದರೆ ಒಂದು ಬುದ್ಧಿಮಾತನ್ನು ಮಾತ್ರ ದಿನಕ್ಕೆರಡು ಸಲ ಹೇಳುತ್ತಿದ್ದಳು. "ನೋಡು ಪುಟ್ಟಿ, ಕೊನೇಲಿ ಕಂಪ್ಯೂಟರು ಅಂಕ ಇಟ್ಕೊಳ್ತೀಯಾ, ರದ್ದು ಮಾಡ್ತೀಯಾ ಅಂತ ಕೇಳುತ್ತಂತೆ. ಪ್ರಶ್ನೆ ಕೈ ಹತ್ತಲಿಲ್ಲ ಅಂದ್ರೆ ಹಿಂದೆ ಮುಂದೆ ನೋಡ್ಬೇಡ, ರದ್ದು ಮಾಡ್ಬಿಡು. ಇನ್ನೊಂದು ಸಲ ಬರೆದ್ರಾಯ್ತು."

ಪರೀಕ್ಷೆಯಲ್ಲಿ ಗಣಿತದ ಮೊದಲ ಭಾಗ ನೀರು ಕುಡಿದಷ್ಟು ಸಲೀಸಾಗಿತ್ತು. ಎರಡನೆಯದು ಕಬ್ಬಿಣದ ಕಡಲೆ. ತಂಗಿ ಅಕ್ಕನ ಮಾತು ನೆನೆದು ರದ್ದು ಮಾಡಿ ಮನೆಗೆ ಬಂದಳು. ಇನ್ನೊಂದು ಸಲ ಬರೆ ಎಂದು ಅಕ್ಕ ಹೇಳಿದರೆ, "ಬೇಡ ಬಿಡಕ್ಕ, ನಂಗೆ ಅಷ್ಟು ತಲೆ ಇಲ್ಲ" ಎಂದು ಪುಸ್ತಕಗಳನ್ನೆಲ್ಲ ಅಟ್ಟಕ್ಕೇರಿಸಿದಳು.

ಒಂದು ತಿಂಗಳಾದ ಮೇಲೆ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ತಮ್ಮ ಮಗಳಿಗಾಗಿ ಅದೇ ಪುಸ್ತಿಕೆ ಹಿಡಿದು ಬಂದರು. ಅಕ್ಕ ಆಗ ಮೊದಲ ಬಾರಿಗೆ ಅದನ್ನು ಓದಿದಳು. ಮೊದಲ ಭಾಗ ಚೆನ್ನಾಗಿ ಮಾಡಿದವರಿಗೆ ಮಾತ್ರ ಎರಡನೆಯದರಲ್ಲಿ ಕಷ್ಟದ ಪ್ರಶ್ನೆಗಳು ಬರುತ್ತವೆ ಎಂದಿತ್ತು. ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವಳ ಕಾಲದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಅವಳು ಮುಂದಿನ ಪುಟ ತಿರುಗಿಸದೆ ಪುಸ್ತಿಕೆ ಮುಚ್ಚಿ ಹಿಂದಿರುಗಿಸಿದಳು.

ಅಂದೇ ಹೇಳಬಹುದಿತ್ತು. ಪ್ರತಿದಿನ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ತಂಗಿಯ ಮುಂದೆ ದಡ್ಡಿಯಾಗಲು ಮನಸ್ಸು ಬರುತ್ತಿರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಲೇ ಆ ವರ್ಷದ ಕೊನೆಯ ಪರೀಕ್ಷೆಯೂ ಮುಗಿದುಹೋಯಿತು. ಆಮೇಲೆ ತಡೆಯಲಾರದೆ ಅಂಗಡಿಗೇ ಹೋಗಿ, ಕಣ್ಣು ತೋರಿಸುವವರ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದಳು. ಯಾವಾಗ ಓದಿದ್ದೆಂಬುದನ್ನು ಮಾತ್ರ ನುಂಗಿಕೊಂಡಳು.

ತಂಗಿ ಎದುರು ಗೋಡೆಯ ಅಕ್ಷರಗಳ ಹಲಗೆಯನ್ನೇ ನೋಡುತ್ತಿದ್ದಳು.

"ಮೇಲಿನ ಸಾಲು ಸರಿಯಾಗಿ ಓದಿದ್ರೆ ತಾನೇ ನಾನು ಸಣ್ಣ ಅಕ್ಷರ ತೋರ್ಸೋದು" ಎಂದಳು. "ದಿನಾ ನಾನೇ ಮಾಡ್ತೀನಿ. ನಂಗೂ ಹೊಳೀಲಿಲ್ಲ ನೋಡು." ಮರುಕ್ಷಣ ಅವಳ ಮುಖ ಅರಳಿತು. "ಅಂದ್ರೆ ನಾನು ಚೆನ್ನಾಗೇ ಮಾಡಿದ್ದೆ ಅಲ್ವಾ ಅಕ್ಕ?"

ಆ ಸಂತೋಷ ನೋಡಲಾಗದೆ ಅಕ್ಕ ತಲೆ ತಗ್ಗಿಸಿದಳು. ತಂಗಿ ಆಗಲೇ ಮೊಬೈಲಿನಲ್ಲಿ ನಿಯಮಗಳನ್ನು ತೆರೆದು ಒಂದೊಂದೇ ಸಾಲು ಓದತೊಡಗಿದ್ದಳು. ಅಕ್ಕ ನಿಲ್ಲಿಸಿದ ಪುಟವನ್ನು ದಾಟಿದಳು.

"ರದ್ದು ಮಾಡಿದ ಅಂಕಾನ ವಾಪಸ್ ಪಡೀಬಹುದಂತೆ!" ಎಂದು ಹೆಚ್ಚುಕಡಿಮೆ ಕೂಗಿದಳು. ಆಮೇಲೆ ದನಿ ಇಳಿಯಿತು. "ಅರವತ್ತು ದಿನದೊಳಗೆ ಅರ್ಜಿ ಹಾಕ್ಬೇಕಂತೆ."

ಕ್ಯಾಲೆಂಡರು ನೋಡಿ ಎಣಿಸಿದಳು. ರದ್ದು ಮಾಡಿ ಅರವತ್ನಾಲ್ಕು ದಿನವಾಗಿತ್ತು.

"ನಾಲ್ಕೇ ದಿನ" ಎಂದಳು. "ನಿಂಗೆ ಇದು ಯಾವಾಗ ಗೊತ್ತಾಯ್ತಕ್ಕ?"

ನಿನ್ನೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಕ್ಕನಿಗೆ ಆ ಸುಳ್ಳು ಬಾಯಿಗೂ ಬಂತು.

"ಒಂದು ತಿಂಗಳ ಮೇಲಾಯ್ತು ಪುಟ್ಟಿ."

ಬೈದಿದ್ದರೆ, ಅತ್ತಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ತಂಗಿ ಮೊಬೈಲನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬಾಗಿಲು ತೆರೆದಳು.

"ಏಳಿ" ಎಂದಳು, ಹುಟ್ಟಿದಾಗಿನಿಂದ ನೀನು ಎಂದೇ ಕರೆದವಳು. "ಹೊರಗೆ ಜನ ಕಾಯ್ತಿದ್ದಾರೆ."