ಎಲ್ ದಾಲೊದಲ್ಲಿ ಇಪ್ಪತ್ತೈದು ನಿಮಿಷ

ಎಲ್ ದಾಲೊದಲ್ಲಿ ಯಾರದೋ ಕಾರಿನಿಂದ ಇಳಿದಾಗ ಬೆಳಗಿನ ಒಂಬತ್ತೂವರೆ. ಗಾಳಿ ಆಗಲೇ ಎದ್ದಿತ್ತು. ಈ ಬಯಲಿನಲ್ಲಿ ಬೆಳೆದವನಾದ್ದರಿಂದ ನನಗೆ ಆ ಗಾಳಿ ಗೊತ್ತು. ಬೆನ್ನಿಗೆ ಅಂಗೈ ಇಟ್ಟು ತಳ್ಳುವ ಹಾಗೆ ಬೀಸುತ್ತದೆ, ನಿಂತವನಿಗೆ ನಿಂತದ್ದೇ ತಪ್ಪೇನೋ ಅನ್ನಿಸುತ್ತದೆ.

ರಸ್ತೆಯ ಎರಡೂ ಬದಿಗೆ ಗೋಡೆಗಳಿದ್ದವು. ಅರ್ಧಕ್ಕೂ ಹೆಚ್ಚು ಮನೆಗಳಿಗೆ ಮಾಡು ಇರಲಿಲ್ಲ. ನಮ್ಮವರಲ್ಲಿ ಮನೆ ಹೆಂಗಸಿನದು. ಒಂಟೆಯ ಮೇಲೆ ಹೇರುವ ಕೋಲು-ಚಾಪೆಯ ಮನೆಯಾಗಲಿ, ತಗಡಿನ ಮನೆಯಾಗಲಿ, ಜಾಗ ಬಿಡುವಾಗ ಅವಳೇ ಬಿಚ್ಚಿ ತನ್ನ ಜೊತೆ ಒಯ್ಯುತ್ತಾಳೆ. ಗೋಡೆ ಒಯ್ಯಲು ಬರುವುದಿಲ್ಲ, ಹಾಗಾಗಿ ಗೋಡೆಗಳು ಉಳಿದಿದ್ದವು. ಒಂದರ ಮೇಲೆ 'ಹಾಸಿಗೆ ಸಿಗುತ್ತದೆ' ಎಂಬ ಬರಹ ಇನ್ನೂ ಇತ್ತು. ಒಳಗೆ ಇಣುಕಿದರೆ ಆಕಾಶ, ಒಂದು ಕತ್ತೆ.

ಟಾರು ಬರುವ ಮುಂಚೆ ಇದು ದೊಡ್ಡ ಊರು. ಕಪ್ಪು ಕಲ್ಲಿನ ದಾರಿ ಲಾರಿಗಳ ಟೈರು ತಿನ್ನುತ್ತಿತ್ತು. ಮುಂದಿನ ಹಾದಿಯಲ್ಲಿ ಬಂದೂಕಿನವರ ಭಯ, ಪೊಲೀಸರು ಜೊತೆ ಬರುವವರೆಗೆ ಗಾಡಿಗಳು ಒಂದೊಂದು ಸಲ ಎರಡೆರಡು ದಿನ ಇಲ್ಲೇ ಕಾಯುತ್ತಿದ್ದವು. ಕಾಯುವವರಿಂದಲೇ ಊರು ಬದುಕಿತು. ಈಗ ದಾರಿ ನುಣ್ಣಗಾಗಿದೆ, ಭಯವೂ ಇಲ್ಲ. ಗಾಡಿಗಳು ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹಾದುಹೋಗುತ್ತವೆ. ಕಿಟಕಿಯ ಗಾಜಿನ ಹಿಂದೆ ಮುಖಗಳಿರುತ್ತವೆ, ಯಾವ ಮುಖವೂ ತಿರುಗುವುದಿಲ್ಲ.

ನಾನೂ ಹಾಗೆ ಹಾದುಹೋಗುವವನೇ. ಭೂಗೋಳದ ಪದವಿ ಪಡೆದು ನಾಲ್ಕು ವರ್ಷದಿಂದ ಒಂದು ಬಸ್ ಕಂಪನಿಗಾಗಿ ಈ ರಸ್ತೆಯಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದೇನೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು, ಯಾವ ಹೊತ್ತಿಗೆ, ಇದನ್ನು ನೋಡಿ ಹೇಳುವುದು ನನ್ನ ಕೆಲಸ. ಒಂದೂರಲ್ಲಿ ಎರಡನೇ ಲೋಟ ಚಹಾ ಮುಗಿಯುವ ಮೊದಲೇ ನನ್ನ ಕಾಲು ರಸ್ತೆಯ ಕಡೆ ತಿರುಗುತ್ತದೆ. ಅದಕ್ಕೇ ಈ ಕೆಲಸ ನನಗೆ ಒಗ್ಗಿತೋ, ಈ ಕೆಲಸದಿಂದ ಹಾಗಾದೆನೋ ತಿಳಿಯದು.

ಈ ಸಲ ಊಟದ ನಿಲುಗಡೆ ಗೊತ್ತುಮಾಡಬೇಕಿತ್ತು. ಒಂದೋ ಎಲ್ ದಾಲೊ, ಇಲ್ಲವೇ ಇಲ್ಲಿಂದ ನಲವತ್ತು ಕಿಲೋಮೀಟರ್ ಮುಂದೆ ಹೊಸದಾಗಿ ಎದ್ದಿರುವ ಪೆಟ್ರೋಲ್ ಬಂಕು. ಬಂಕನ್ನು ಹಿಂದಿನ ದಿನ ನೋಡಿದ್ದೆ. ಇಲ್ಲಿ ಈ ದಿನ ಪ್ರಯೋಗಕ್ಕೆಂದು ಎರಡು ಬಸ್ಸು ನಿಲ್ಲಬೇಕಿತ್ತು: ಹನ್ನೆರಡೂವರೆಗೆ ಉತ್ತರಕ್ಕೆ ಹೋಗುವುದು, ನಾಲ್ಕಕ್ಕೆ ದಕ್ಷಿಣಕ್ಕೆ ಹೋಗುವುದು. ಒಂದೊಂದಕ್ಕೆ ಇಪ್ಪತ್ತೈದು ನಿಮಿಷ. ನಾಲ್ಕರ ಬಸ್ಸಿನಲ್ಲಿ ನಾನೂ ಹೊರಡುವವನು.

ಊರಿನಲ್ಲಿ ಉಳಿದಿದ್ದ ಒಂದೇ ದೊಡ್ಡ ಹೋಟೆಲು ತಲಾಸೋಳದು. ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ಒಂಟೆ ಹಾಲಿನ ಚಹಾ ತಂದಿಟ್ಟು, ಇನ್ನೂ ನಾಲ್ಕು ಹೆಂಗಸರು ತನ್ನೊಂದಿಗೆ ಸೇರಿ ಆರು ಆಡು ಕಡಿಸಿರುವುದನ್ನು ಹೇಳಿದಳು. ಚಪಾತಿಗೆ ಹಿಟ್ಟು ಬೆಳಗ್ಗೆಯೇ ಕಲಸಿ ಆಗಿತ್ತು. ಕೈ ತೊಳೆಯಲು ಮೂರು ಡ್ರಮ್ಮು ನೀರು ತುಂಬಿಸಿದ್ದಳು. ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಹೇಳಿದಳು, ಕೂರಲಿಲ್ಲ.

"ಬಸ್ಸು ನಿಂತ್ರೆ ನಾನೂ ನಿಲ್ತೀನಿ ತಮ್ಮಾ," ಎಂದಳು. "ನಿಲ್ಲದಿದ್ರೆ ಗುರುವಾರ ತಗಡು ಇಳಿಸ್ತೀನಿ. ಈ ನಾಲ್ವರೂ ಇಳಿಸ್ತಾರೆ. ಆಮೇಲೆ ಊರು ಅಂತ ಹೇಳೋಕೆ ಇಲ್ಲೇನಿರುತ್ತೆ, ನೀನೇ ಹೇಳು."

ಹೇಳಿದವನು ಟೈರು ರಿಪೇರಿಯ ದೀದಾ. ಅವನ ಅಂಗಡಿಯ ಮುಂದೆ ಹಳೇ ಟೈರುಗಳು ಮನೆಯೆತ್ತರ ಬಿದ್ದಿದ್ದವು. ಅವನು ಅವುಗಳ ನೆರಳಲ್ಲಿ ಅಂಗಾತ ಮಲಗಿ ನಮ್ಮ ಮಾತು ಕೇಳುತ್ತಿದ್ದ. "ನಾನಿರ್ತೀನಲ್ಲ," ಎಂದ. "ಈ ಟಾರು ಹಾಕಿದ ಚೀನಾದವರು ಒಂದು ಮೊಳೆನಾದ್ರೂ ಬಿಟ್ಟು ಹೋಗ್ಬಾರದಿತ್ತಾ? ಅಷ್ಟು ಅಚ್ಚುಕಟ್ಟಾಗಿ ಗುಡಿಸ್ಕೊಂಡು ಹೋಗೋದಾ?"

ಹನ್ನೆರಡು ಮೂವತ್ತೆರಡಕ್ಕೆ ಬಸ್ಸು ಬಂತು. ಡ್ರೈವರ್ ಕಿರಿಮಿ ದಕ್ಷಿಣದ ಬೆಟ್ಟದ ಕಡೆಯವನು, ಅವನಿಗೆ ಈ ಬಯಲು ಕಂಡರೆ ಆಗದು. ನಲವತ್ತಾರು ಜನ ಇಳಿದು ಕೈ ತೊಳೆದರು. ಬೋಗುಣಿಗಳ ಮುಚ್ಚಳ ತೆಗೆದದ್ದೇ ಹುರಿದ ಮಾಂಸದ ಹಬೆ ಎದ್ದಿತು. ಹೆಂಗಸರು ಸೌಟು ಎತ್ತಿದರು. ಆಗ ತಲಾಸೋಳ ಮಾವ, ಉಮುರೊ ಅಜ್ಜ, ಗೋಡೆಯ ಬದಿಯಿಂದ ಕೋಲು ಊರಿ ಎದ್ದ.

ಬಿಳಿ ಮುಂಡಾಸಿನ ಹಿರಿಯರು ಎದ್ದು ಕೋಲು ಎತ್ತಿದರೆ ನಮ್ಮಲ್ಲಿ ಮಿಕ್ಕದ್ದೆಲ್ಲ ನಿಲ್ಲುತ್ತದೆ. ಅಜ್ಜ ಹರಸಲು ಶುರುಮಾಡಿದ. ದಾರಿ ಹಸನಾಗಲಿ, ಎಂದ. ನಮ್ಮವರೆಲ್ಲ 'ನಗಾ' ಎಂದೆವು. ಶಾಂತಿಯಿರಲಿ ಎಂದು ಅದರ ಅರ್ಥ. ಪ್ರತಿ ಸಾಲಿಗೂ ಹಾಗೆ ಅನ್ನಬೇಕು. ಗಾಲಿ ಹಸನಾಗಲಿ. ನಗಾ. ಎಡಗಡೆ ಹಸನಾಗಲಿ, ಬಲಗಡೆ ಹಸನಾಗಲಿ, ಹೋದ ಕಡೆಯವರು ಹಸನಾಗಿರಲಿ, ಬಿಟ್ಟುಬಂದವರು ಹಸನಾಗಿರಲಿ. ಸೌಟುಗಳು ಗಾಳಿಯಲ್ಲೇ ಉಳಿದವು. ದಕ್ಷಿಣದ ಪ್ರಯಾಣಿಕರು ಒದ್ದೆ ಕೈ ಮುಂದೆ ಚಾಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಗಡಿಯಾರ ನೋಡಿದೆ. ಐದು ನಿಮಿಷ, ಎಂಟು ನಿಮಿಷ. ಹನ್ನೊಂದು. ಅಜ್ಜ ಒಂಟೆಗಳಿಗೆ ಬಂದ, ಒಂಟೆಗಳಿಂದ ಬಾವಿಗಳಿಗೆ, ಬಾವಿಗಳಲ್ಲಿ ಒಂದೊಂದರ ಹೆಸರಿಗೆ. ನನ್ನ ಬಾಯಿ 'ನಗಾ' ಅನ್ನುತ್ತಿತ್ತು, ಕಣ್ಣು ಗಡಿಯಾರದ ಮೇಲೇ ಇತ್ತು. ತಲಾಸೋ ಕಣ್ಣು ಮುಚ್ಚಿಕೊಂಡಿದ್ದಳು, ಅವಳ ತುಟಿಯೂ ಅದನ್ನೇ ಅನ್ನುತ್ತಿತ್ತು. ಹಿರಿಯರ ಹರಕೆಯನ್ನು ನಡುವೆ ಕಡಿಯುವುದು ನಮಗೆ ಬರುವುದಿಲ್ಲ. ಕಲಿಸಿದವರೇ ಇಲ್ಲ.

ಹದಿನೇಳನೇ ನಿಮಿಷಕ್ಕೆ ಮುಗಿಯಿತು. ಕಿರಿಮಿ ಆಗಲೇ ಹಾರ್ನ್ ಒತ್ತಿದ್ದ. ಆಮೇಲಿನದು ನೂಕುನುಗ್ಗಲು. ಕೆಲವರು ನಿಂತೇ ನುಂಗಿದರು, ಹಲವರು ಬರಿಗೈಲಿ ಹತ್ತಿದರು. ಹೆಂಗಸರು ಚಪಾತಿಯಲ್ಲಿ ಮಾಂಸ ಸುತ್ತಿ ಕಿಟಕಿಗಳಿಗೆ ಎಸೆಯುವಂತೆ ಕೊಟ್ಟರು. ದುಡ್ಡು ಕೇಳಲು ಯಾರಿಗೂ ತೋಚಲಿಲ್ಲ.

ಕಿರಿಮಿ ಕಿಟಕಿಯಿಂದ ಬಗ್ಗಿ ನನಗೆ ಹೇಳಿದ: "ಏನಯ್ಯಾ ಪದವೀಧರ, ಮುಂದಿನ ಸಲ ಪಾದ್ರಿನೂ ಹತ್ತಿಸ್ಕೊಂಡು ಬರ್ತೀನಿ, ಇಬ್ರೂ ಪಾಳಿ ಹಾಕ್ಕೊಳ್ಳಲಿ. ಬಂಕಲ್ಲಿ ದೇವರಿಲ್ಲ, ಆದರೆ ಅನ್ನ ಸಿಗುತ್ತೆ."

ಬಸ್ಸು ಹೋದ ಮೇಲೆ ಹೆಂಗಸರು ಉಳಿದ ಮಾಂಸಕ್ಕೆ ಮುಚ್ಚಳ ಹಾಕಿದರು. ನಾನು ಪುಸ್ತಕ ತೆಗೆದು 'ಎಲ್ ದಾಲೊ' ಎಂದು ಬರೆದು ಮುಂದೇನೂ ಬರೆಯದೆ ಮುಚ್ಚಿದೆ. ರಸ್ತೆಯ ತುದಿಯವರೆಗೆ ನಡೆದೆ, ಹಿಂದಿರುಗಿ ನಡೆದೆ. ಈಗಲೇ ಒಂದು ಗಾಡಿಗೆ ಕೈ ಅಡ್ಡ ಮಾಡಿ ಹೋಗಿಬಿಡಬಹುದಿತ್ತು. ನಾಲ್ಕರ ಬಸ್ಸಿನಲ್ಲೂ ಇದೇ ಆಗುವುದು ಎಂದು ಗೊತ್ತಿದ್ದೂ ಕಾದು ನೋಡುವುದರಲ್ಲಿ ಏನಿದೆ?

ತಲಾಸೋ ನನ್ನ ಹಿಂದೆಯೇ ಬಂದಳು. "ನೀನು ಹೇಳ್ಬೇಕು," ಎಂದಳು. ಏನನ್ನು, ಯಾರಿಗೆ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ನೀವೇ ಹೇಳಬಾರದೇ, ಮನೆಯವರೇ ಅಲ್ಲವೇ, ಎಂದೆ.

"ನಾನು ಆ ಮನೆ ಸೊಸೆ ಕಣಪ್ಪಾ. ಬಂದು ಇಪ್ಪತ್ತಾರು ವರ್ಷ ಆಯ್ತು, ಅವರೆದುರು ಒಂದು ಮಾತಾಡಿಲ್ಲ. ಅವರ ಹೆಸರು ನನ್ನ ನಾಲಿಗೆ ಮೇಲೆ ಬಂದಿಲ್ಲ. ಮೊದಲನೇ ಮಾತೇ 'ಹರಸ್ಬೇಡಿ' ಅಂತ ಇರ್ಬೇಕಾ?"

ದೀದಾನನ್ನು ನೋಡಿದೆ. ತಾನು ಅಜ್ಜನಿಗೆ ಸಾಲುಸಾಲು ಮಾತು ಕೊಟ್ಟು ಮುರಿದವನು, ತನ್ನ ಮಾತಿಗೆ ಅಲ್ಲಿ ಬೆಲೆಯಿಲ್ಲ ಎಂದು ಅವನು ನಿರಾಳವಾಗಿ ಒಪ್ಪಿಕೊಂಡ.

ಅಜ್ಜ ಗೋಡೆಯ ನೆರಳಲ್ಲಿ ಮೂರು ಕಾಲಿನ ಪುಟ್ಟ ಮಣೆಯ ಮೇಲೆ ಕೂತಿದ್ದ. ಎದುರು ನೆಲದ ಮೇಲೆ ಕೂತೆ. ಅವನು ನನ್ನ ಕುಲ ಕೇಳಿದ, ತಾಯಿಯ ಕುಲ ಕೇಳಿದ, ನಮ್ಮ ಒಂಟೆಗಳು ಎಲ್ಲಿವೆ ಎಂದು ಕೇಳಿದ. ಹೇಳಿದೆ. ಆಮೇಲೆ ಇಬ್ಬರೂ ಸುಮ್ಮನಾದೆವು. ಮೌನ ನನಗೆ ಕಷ್ಟವಲ್ಲ. ಜನರ ನಡುವಿನ ಮಾತಿಗಿಂತ ಅದನ್ನೇ ನಾನು ಹುಡುಕಿಕೊಂಡು ಹೋಗುವವನು. ಆದರೆ ಆ ಮೌನ ನನ್ನದಾಗಿರಲಿಲ್ಲ. ಅವನದು. ಅದರಲ್ಲಿ ಅವನು ಹಾಯಾಗಿ ಕೂತಿದ್ದ, ನಾನು ಮುಳ್ಳಿನ ಮೇಲೆ ಕೂತಿದ್ದೆ. ಎರಡು ಲಾರಿ ಹೋದವು. ಮೂರನೆಯದೂ ಹೋಯಿತು.

"ಅಜ್ಜಾ," ಎಂದೆ ಕೊನೆಗೆ, "ಬಸ್ಸಿಗೆ ಇರೋದು ಇಪ್ಪತ್ತೈದು ನಿಮಿಷ."

"ಗೊತ್ತು. ಸೊಸೆ ಮೂರು ದಿನದಿಂದ ಗೋಡೆಗೆ ಹೇಳ್ತಿದ್ದಾಳೆ, ನನಗೆ ಕೇಳಲಿ ಅಂತ."

"ಹರಕೆಗೆ ಹದಿನೇಳು ಆಯ್ತು."

"ಮೊಟಕು ಮಾಡಿದ್ದೆ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ನಗಲಿಲ್ಲ. ಕಲ್ಲಿನ ದಾರಿಯಿದ್ದ ಕಾಲದ್ದನ್ನು ನಿಧಾನವಾಗಿ ಹೇಳಿದ. ಆಗ ಇಲ್ಲಿಂದ ಹೊರಟ ಪ್ರತಿ ಲಾರಿಯನ್ನೂ ಅವನು ಹರಸಿ ಕಳಿಸುತ್ತಿದ್ದ. ಒಂದು ದಿನ ಜ್ವರ ಬಂದು ಏಳಲಾಗಲಿಲ್ಲ. ಆ ದಿನ ಹೋದ ಲಾರಿಯ ಮೇಲೆ ಹನ್ನೊಂದು ಜನ ಕೂತಿದ್ದರು. ಅವರಲ್ಲಿ ಇಬ್ಬರು ಹಿಂದಿರುಗಿದರು. ಇಷ್ಟು ಹೇಳಿ ಅಜ್ಜ ಕೋಲಿನ ತುದಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದ, ಅದನ್ನು ಅಂಗಾಲಿನಿಂದ ಅಳಿಸಿದ.

"ಈಗ ಬಂದೂಕಿಲ್ಲ ಅಂತೀಯ. ಆದರೆ ಈ ವೇಗ ನೋಡಿದ್ದೀಯ ನೀನು? ಊಟ ಇಲ್ದಿದ್ರೆ ಮುಂದಿನೂರಲ್ಲಿ ಉಂಡಾರು. ಹರಸದೆ ಕಳಿಸಿದ್ರೆ ಯಾರು ಕೊಡ್ತಾರೆ ಅದನ್ನ?"

ಅವನು ಸರಿ. ತಲಾಸೋಳೂ ಸರಿ. ಇಬ್ಬರ ನಡುವೆ ನಾನು ಕೂತಿದ್ದೆ. ನಿಂತವರನ್ನೇ ಹರಸಬೇಕೇ, ಹೋಗುತ್ತಿರುವವರನ್ನು ಹರಸಿದರೆ ಮುಟ್ಟುವುದಿಲ್ಲವೇ ಎಂದು ಕೇಳಿದೆ. ಬಸ್ಸು ಹೊರಟ ಮೇಲೆ, ಅದರ ಬೆನ್ನಿಗೆ.

ಅಜ್ಜ ಬಸ್ಸು ಹೋದ ಕಡೆಗೆ ಕಣ್ಣು ಹಾಯಿಸಿದ. ಹರಕೆಯ ಮಟ್ಟಿಗೆ ದೂರ ದೊಡ್ಡದಲ್ಲ ಎಂದ. ತೊಡಕು ಬೇರೆಯಿತ್ತು. "ನಗಾ ಅನ್ನೋರು ಬೇಕು. ಓ ಅನ್ನೋರಿಲ್ದೆ ಹರಸಿದ್ರೆ ಅದು ಬರೀ ಗಾಳಿ. ಬಸ್ಸಿನವರು ಹೋಗಿರ್ತಾರೆ, ಹೆಂಗಸರು ಪಾತ್ರೆ ತೊಳೀತಿರ್ತಾರೆ. ಯಾರಿರ್ತಾರೆ?"

"ನಾನಿರ್ತೀನಿ," ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ತಿಳಿಯಿತು. ನಾಲ್ಕರ ಬಸ್ಸು ನನ್ನದು. ನಾನು ಇಲ್ಲಿ ಉಳಿಯಬೇಕು.

ಅಜ್ಜ ನನ್ನ ಕಾಲುಗಳನ್ನು ನೋಡಿದ. ಅವು ಆಗಲೇ ಎದ್ದು ಹೊರಡುವ ಹಾಗೆ ಮಡಿಸಿಕೊಂಡಿದ್ದವು. "ನೀನಾ," ಎಂದ. "ಇರಲಿ, ನೋಡೋಣ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಬಸ್ಸು ಬಂತು. ಮೂವತ್ತೆಂಟು ಜನ. ಅಜ್ಜ ಮಣೆಯ ಮೇಲೆ ಕೂತೇ ಇದ್ದ. ಹೆಂಗಸರು ಮೊದಲು ಒಂದು ಕ್ಷಣ ಅವನ ಕಡೆ ನೋಡಿದರು, ತಲಾಸೋ ಸೌಟು ಅದ್ದಿದಳು. ಆಮೇಲೆ ತಡೆಯಿರಲಿಲ್ಲ. ತಟ್ಟೆಗಳು ಹೋದವು, ಬಂದವು. ದೀದಾ ಎದ್ದು ಚಹಾ ಹಂಚಿದ, ಅವನು ಎದ್ದದ್ದನ್ನು ಕಂಡು ಯಾರೋ ಛೇಡಿಸಿದರು. ಒಬ್ಬ ಮುದುಕಿ ಎರಡನೇ ಸಲ ಮಾಂಸ ಹಾಕಿಸಿಕೊಂಡು, ಹಿಂದೊಮ್ಮೆ ಬಂಕಿನಲ್ಲಿ ತಿಂದದ್ದು ಆಡೋ ಆಡು ಕಾಯುವವನ ಚಪ್ಪಲಿಯೋ ಎಂದು ತನಗೆ ಈಗ ಅನುಮಾನ ಬರುತ್ತಿದೆ ಎಂದಳು. ತಲಾಸೋ ಎಲ್ಲರಿಂದ ದುಡ್ಡು ತೆಗೆದುಕೊಂಡಳು, ಒಬ್ಬರನ್ನೂ ಬಿಡದೆ. ಇಪ್ಪತ್ತೆರಡನೇ ನಿಮಿಷಕ್ಕೆ ಎಲ್ಲರೂ ಹತ್ತಿದ್ದರು. ಡ್ರೈವರು ನನಗಾಗಿ ಬಾಗಿಲು ತೆರೆದಿಟ್ಟ. ಕೈಯಾಡಿಸಿ, ಹೋಗು ಎಂದೆ. ಬಾಗಿಲು ಮುಚ್ಚಿತು.

ಅಜ್ಜ ರಸ್ತೆಯ ನಡುವೆ ಬಂದು ಕೋಲು ಎತ್ತಿದ. ನಾನು ಅವನ ಎಡಕ್ಕೆ ನಿಂತೆ.

ದಾರಿ ಹಸನಾಗಲಿ. ನಗಾ. ಗಾಲಿ ಹಸನಾಗಲಿ. ನಗಾ. ಮೊದಮೊದಲು ನಾನು ಅವನ ಸಾಲು ಮುಗಿಯುವ ಮುಂಚೆಯೇ ಅನ್ನುತ್ತಿದ್ದೆ, ಅವನನ್ನು ತಳ್ಳುವ ಹಾಗೆ. ಅಜ್ಜ ಪ್ರತಿ ಸಲ ನಿಂತು ಅದೇ ಸಾಲನ್ನು ಮತ್ತೆ ಹೇಳಿದ. ಬಸ್ಸು ಚುಕ್ಕೆಯಾಯಿತು, ಬಿಸಿಲಿನಲ್ಲಿ ಅಲುಗಿತು, ಇಲ್ಲವಾಯಿತು. ನನಗೆ ಕಾಣದ ಮೂವತ್ತೆಂಟು ಜನರಿಗೆ ನಾನು ಒಳಿತು ಎನ್ನುತ್ತಿದ್ದೆ. ಒಂಟೆಗಳಿಗೆ ಬರುವ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾಲೀಕರು. ಐದು ಗಂಟೆಯೊಳಗೆ ನಿರ್ಧಾರ ತಿಳಿಸು ಎಂದಿದ್ದರು. ಅದು ನಿಂತಿತು, ಮತ್ತೆ ಬಡಿಯಿತು. ಕೈ ತಾನಾಗಿ ಜೇಬಿಗೆ ಹೋಯಿತು. ಅಜ್ಜ ಬಾವಿಯ ಹೆಸರೊಂದನ್ನು ಹೇಳಿ ಕಾದ. ಕೈ ಹೊರಗೆ ತೆಗೆದು, ನಗಾ ಎಂದೆ.

ಈ ಸಲ ಮೊಟಕು ಮಾಡಿರಲಿಲ್ಲ. ಮುಗಿದಾಗ ನಾನು ಗಡಿಯಾರ ನೋಡಿಕೊಳ್ಳಲಿಲ್ಲ, ನೋಡಿಕೊಂಡಿಲ್ಲ ಎಂಬುದು ತಿಳಿದದ್ದೂ ಆಮೇಲೆ.

ಮಾಲೀಕರಿಗೆ ಫೋನು ಮಾಡಿ, ಎಲ್ ದಾಲೊ ಎಂದೆ. ಇಪ್ಪತ್ತೆರಡು ನಿಮಿಷ ಸಾಕು. ಕಿರಿಮಿ ಬೇರೆಯೇ ಹೇಳಿದನಲ್ಲ ಎಂದು ಅವರು ಕೇಳಿದರು. ಮಧ್ಯಾಹ್ನ ಇದ್ದ ತೊಡಕು ಈಗಿಲ್ಲ, ನಾಳೆಯಿಂದ ನಿಲ್ಲಿಸಿ ಎಂದೆ. ಹಾಗಾದರೆ ನೀನೇಕೆ ಬಸ್ಸಿನಲ್ಲಿಲ್ಲ ಎಂದು ಕೇಳಿದ್ದಕ್ಕೆ ಇಲ್ಲಿ ಸ್ವಲ್ಪ ಕೆಲಸವಿತ್ತು ಎಂದೆ.

ತಲಾಸೋ ಬೂದಿ ಹಚ್ಚಿದ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸ್ವಲ್ಪ ಹೊತ್ತು ಬೋಗುಣಿಯ ಅಂಚನ್ನೇ ಉಜ್ಜುತ್ತಿದ್ದಳು. ನಂತರ ಟೈರು ರಾಶಿಯ ಕಡೆ ತಿರುಗಿದಳು.

"ದೀದಾ, ನಾಳೆಯಿಂದ ನೀನು. ದಿನಾ ಎರಡು ಸಲ."

"ನಾನಾ? ಅಜ್ಜ ನನ್ನ ನಗಾನ ನಂಬ್ತಾನಾ ಅಕ್ಕಾ?"

"ಚಹಾ ಕೊಡ್ತೀನಿ."

"ಮಾಂಸ?"

ತಲಾಸೋ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ದೀದಾ ಅದನ್ನು ಒಪ್ಪಿಗೆಯೆಂದೇ ಲೆಕ್ಕ ಹಾಕಿಕೊಂಡು, ನಗಾ, ನಗಾ ಎಂದು ಬೇರೆಬೇರೆ ದನಿಯಲ್ಲಿ ಅಂದು ನೋಡತೊಡಗಿದ. ಅಜ್ಜ ಮಣೆಯ ಮೇಲಿಂದಲೇ, ಇನ್ನೂ ಮೆಲ್ಲಗೆ, ಎಂದ.

ನಾನು ಚೀಲ ಎತ್ತಿಕೊಂಡು ರಸ್ತೆಗೆ ಬಂದೆ. ಬಿಸಿಲು ಇಳಿಯಲು ಇನ್ನೊಂದು ಗಂಟೆಯಿತ್ತು. ದೂರದಲ್ಲಿ ಗಾಡಿಯೊಂದು ಬರುತ್ತಿರುವುದು ಕಂಡಿತು. ಕೈ ಎತ್ತಿದೆ. ಅದು ಉತ್ತರಕ್ಕೆ ಹೋಗುವುದು, ನೀನು ಹೋಗಬೇಕಾದ್ದು ದಕ್ಷಿಣಕ್ಕಲ್ಲವೇ ಎಂದು ದೀದಾ ಹಿಂದಿನಿಂದ ಕೂಗಿ ಹೇಳಿದ. ಗೊತ್ತಿತ್ತು. ನನ್ನ ಕಾಲಿಗೆ ಹೊರಡುವುದು ಮುಖ್ಯ, ದಿಕ್ಕಲ್ಲ. ಕೈ ಇಳಿಸಲಿಲ್ಲ.