ಹೂವಿಗೆ ಬೆರಳು ತೋರಿಸಬಾರದು

ಮತ್ತೊಂದು ಬಿದ್ದಿದೆ, ಕಿಟಕಿಯ ದಂಡೆಯ ಮೇಲೆ, ತೊಟ್ಟಿನ ಸಮೇತ, ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗಿಡದಲ್ಲೇ ಇತ್ತಲ್ಲ, ಬಿಳಿಯೂ ಅಲ್ಲದ ಹಸಿರೂ ಅಲ್ಲದ ಪುಟ್ಟ ಹೂವು, ಈಗ ಅಂಗಾತ ಮಲಗಿದೆ, ಬೂಟು ಬಿಚ್ಚುವ ಮೊದಲೇ ಕಣ್ಣಿಗೆ ಇದೇ ಬೀಳಬೇಕೆ — ಬಿಚ್ಚೋಣವೆಂದರೆ ಸೊಂಟ ಬಗ್ಗುತ್ತಿಲ್ಲ, ವೃದ್ಧಾಶ್ರಮದಲ್ಲಿ ಊರವರ ಅಜ್ಜಿಯರನ್ನು ಎತ್ತಿ, ಒರೆಸಿ, ತಿನ್ನಿಸಿ ಬಂದದ್ದಾಯಿತು, ಮನೆಯಲ್ಲಿ ಇನ್ನೊಬ್ಬಳು, ನನ್ನ ಪಾಲಿನವಳು, ಪರ್ಮೋದನ ತಾಯಿ, ನನ್ನತ್ತೆ, ನಮಗೆಲ್ಲ ಮಾಯಿ, ಹೀಟರಿನ ಪಕ್ಕ ಕಂಬಳಿ ಹೊದ್ದು ಆ ಬಿದ್ದ ಹೂವನ್ನೇ ನೋಡುತ್ತಿದ್ದಾಳೆ. ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೇ ಇದೆ, ಬೇಳೆ ಮೇಲೆ ಕೆನೆಗಟ್ಟಿದೆ. ಇವತ್ತೂ ಉಣ್ಲಿಲ್ವಾ ಮಾಯಿ. ಬೊಂಗೋ ಇಲ್ದೆ ಏನ್ ಉಣ್ಲಿ ಪ್ರೇಮಿಲಾ, ನಂಗೇನು ಹೊಸದಾಗಿ ಹಲ್ಲು ಬರ್ತಿದ್ಯಾ, ಸಪ್ಪೆ ಅನ್ನ ಕಲಸಿ ಇಡೋಕೆ. ಅಂಗಡಿ ಮೆಣಸಿನಕಾಯಿ ಇಟ್ಟಿದ್ನಲ್ಲ. ಅದು ಮೆಣಸಿನಕಾಯಾ, ಹುಲ್ಲು, ದನಕ್ಕೆ ಹಾಕು. ಬೊಂಗೋ ಎಂದರೆ ನಾವು ಬಿಟ್ಟುಬಂದ ದ್ವೀಪದೂರು ಲಬಾಸಾದ ಮೆಣಸು, ಗಿಡ್ಡಗೆ, ಸುಕ್ಕುಸುಕ್ಕಾಗಿ, ಉಪ್ಪು ನಿಂಬೆಹುಳಿ ಹಾಕಿ ಜಜ್ಜಿದರೆ ಹಿತ್ತಲಿಂದ ಅಂಗಳದವರೆಗೆ ಘಾಟು, ಅದು ದೇಶದ ದಕ್ಷಿಣ ತುದಿಯ ಈ ಇನ್ವರ್ಕಾರ್ಗಿಲ್‌ನ ಚಳಿಗಾಲದಲ್ಲಿ ಎಲ್ಲಿ ಸಿಗಬೇಕು, ದೀಪಾವಳಿಗೆ ಆಕ್ಲೆಂಡಿನಿಂದ ಬಂದ ಒಂದೇ ಒಂದು ಹಣ್ಣಿನ ಬೀಜ ಹಾಕಿ ಎಬ್ಬಿಸಿದ ಗಿಡ ಇದು, ಸೊಂಪಾಗಿದೆ, ಹೂ ಬಿಡುತ್ತದೆ, ಬೀಳಿಸುತ್ತದೆ, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ತಿಂಗಳ ಕೊನೆಗೆ ಆಸ್ಪತ್ರೆಯ ಹೆಂಗಸು ತೂಕ ನೋಡಲು ಬರುತ್ತಾಳೆ, ಇನ್ನೂ ಇಳಿದಿದ್ರೆ ನಿಮ್ಮತ್ತೇನ ಆಶ್ರಮಕ್ಕೆ ಸೇರಿಸೋದೇ ಒಳ್ಳೇದು ಅಂತ ಎಷ್ಟು ಮೆತ್ತಗೆ ಹೇಳಿದಳು. ಸೇರಲಿ ಬಿಡು, ಎಂದೂ ಅನಿಸುತ್ತದೆ, ಸುಳ್ಳೇಕೆ ಹೇಳಲಿ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನನ್ನ ಕಾಲ ಬರುವ ಹೊತ್ತಿಗೆ ನನಗೂ ಮೊಣಕಾಲು ನೋವು. ಆದರೆ ಅಲ್ಲಿ ಏನು ಕೊಡುತ್ತಾರೆಂದು ನನಗೆ ಗೊತ್ತು, ಅರೆದ ಕುಂಬಳ, ಅರೆದ ಕ್ಯಾರೆಟ್, ಉಪ್ಪು ಕಾಣದ್ದು, ಸಮವಸ್ತ್ರ ಹಾಕಿಕೊಂಡು ನಾನೇ ಮಾಯಿಯ ಬಾಯಿಗೆ ಚಮಚ ಹಿಡಿದು ಆಆ ಅನ್ನಿ ಮಾಯಿ, ಬಾಯಿ ತೆಗೀರಿ ಅನ್ನಬೇಕು, ಅವಳು ನನ್ನನ್ನು ನೋಡುವ ನೋಟ, ಬೇಡಪ್ಪ, ಅದು ಬೇಡ.

ಇನ್ನೊಂದು ಉಳಿದಿದೆ. ಮೇಲಿನ ಕವಲಲ್ಲಿ, ತಲೆ ಬಗ್ಗಿಸಿಕೊಂಡು, ಅದರಾಚೆ ಮೊಗ್ಗೂ ಇಲ್ಲ. ನಾವೇನು ಕಡಿಮೆ ಮಾಡಿದೆವು, ಅಕ್ಕಿ ತೊಳೆದ ನೀರು ಹಾಕಿದೆವು, ಹೂ ಬಿಟ್ಟ ಮೇಲೆ ಯಾರೂ ಮುಟ್ಟಲಿಲ್ಲ, ದೂಳು ಒರೆಸುವಾಗಲೂ ದೂರದಿಂದಲೇ ಒರೆಸಿದೆ, ಯಾರಾದರೂ ಮನೆಗೆ ಬಂದರೆ ಕಣ್ಣು ತಾಗೀತೆಂದು ಮಾಯಿಯ ಓಢನಿ ಹೊದಿಸಿದೆವು, ಪರ್ಮೋದ ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದ, ಹೊರಗೆ ಊರೇ ಹಾರಿಹೋಗುವಂಥ ಗಾಳಿ, ಒಳಗೆ ಎಲೆ ಅಲುಗುವುದಿಲ್ಲ. ಬೆರಳು ತೋರಿಸಿದ್ದಂತೂ ಇಲ್ಲವೇ ಇಲ್ಲ. ಅದನ್ನು ನಾನು ಮದುವೆಯಾದ ಮಳೆಗಾಲದಲ್ಲೇ ಕಲಿತೆ — ಲಬಾಸಾದ ಹಿತ್ತಲು, ಆಚೆ ಕಬ್ಬು, ಚಪ್ಪರದ ಮೇಲೆ ರೋಮ ರೋಮದ ಎಳೆ ಸೋರೆ, ಅಗೋ ಮಾಯಿ ಎಂದು ಬೆರಳು ನೀಡುತ್ತೇನೆ, ಕೈಯಲ್ಲಿದ್ದ ಮೊರ ಎಸೆದು ಬರುತ್ತಾಳೆ, ನನ್ನ ಬೆರಳು ಹಿಡಿದು ಮಡಚುತ್ತಾಳೆ, ಲಟಕ್. ನಿಮ್ಮಮ್ಮ ಇಷ್ಟೂ ಕಲಿಸ್ಲಿಲ್ವೇನೇ, ಹೂವಿಗೆ ಮಿಡಿಗೆ ನೆಟ್ಟ ಬೆರಳು ತೋರಿಸ್ಬಾರ್ದು, ಉದುರಿ ಹೋಗುತ್ತೆ, ತೋರಿಸ್ಲೇಬೇಕು ಅಂದ್ರೆ ಹಿಂಗೆ ಬಗ್ಗಿಸಿ ತೋರ್ಸು. ಆ ಬಾಗಿದ ಬೆರಳು, ಅವಳ ಮುಷ್ಟಿಯೊಳಗೆ, ಎಷ್ಟು ಬಿಸಿ ಇತ್ತು ಆ ಕೈ. ಅಂದಿನಿಂದ ಮನೆಮಂದಿಗೆಲ್ಲ ಬೆರಳು ಬಾಗಿಯೇ ಏಳುತ್ತದೆ, ಪರ್ಮೋದ ಮಾಂಸದ ಕಾರ್ಖಾನೆಯಲ್ಲೂ ಹಾಗೇ ತೋರಿಸುತ್ತಾನಂತೆ, ಜೊತೆಯವರು ನಗುತ್ತಾರಂತೆ, ಏನಯ್ಯಾ, ನಿನ್ನ ಬೆರಳೂ ಅರ್ಧ ದಿನದ ರಜಾದಲ್ಲಿದ್ಯಾ.

ಇವತ್ತು ಚಹಾದ ಹೊತ್ತಿನಲ್ಲಿ ಮೆರೆಯಾನಾಗೆ ಇದನ್ನೆಲ್ಲ ಹೇಳಿದೆ, ನನ್ನ ಜೊತೆ ಕೆಲಸ ಮಾಡುವ ಮಾವೊರಿ ಹೆಂಗಸು, ಮನೆಯೊಳಗೆ ಟೊಮೇಟೊ ಬೆಳೆಯುವವಳು, ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ನಕ್ಕಳು. ಅಯ್ಯೋ ಹುಚ್ಚಿ, ಮುಟ್ಟೋದೇ ಇಲ್ವಾ, ಒಳಗೆ ಗಾಳಿ ಇಲ್ಲ, ದುಂಬಿ ಇಲ್ಲ, ಹೂವಿನ ಪುಡಿ ಯಾರು ಉದುರಿಸ್ಬೇಕು, ನಿಮ್ಮ ದೇವರು ಬರ್ತಾನಾ, ಬೆರಳಲ್ಲಿ ತಟ್ಟು ಕಣೇ, ಹೂವಿನ ಹಿಂದೆ, ಬಾಗಿಲು ತಟ್ಟಿದ ಹಾಗೆ. ಅಷ್ಟೆಯೇ? ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದೇ ತಪ್ಪಾಯಿತೇ? ಅವಳ ಮಾತು ಸುಳ್ಳಾಗಿ ಹೂವು ಬಿದ್ದರೆ, ಇರುವುದೇ ಒಂದು, ಬಿದ್ದರೆ ಮಾಯಿ ಹಿಡಿದಿರುವ ಹಟವೂ ಬಿದ್ದ ಹಾಗೆ, ಆಮೇಲೆ ಅವಳಿಗೆ ಕಾಯಲು ಏನಿದೆ. ಕೈ ಮುಂದಕ್ಕೆ ಹೋಯಿತು. ಏಯ್, ಏನ್ ಮಾಡ್ತಿದ್ದೀಯೇ. ತಟ್ಬೇಕಂತೆ ಮಾಯಿ. ಮುಟ್ಟಿದ್ರೆ ನೋಡು, ಕೊನೇದು ಅದು, ಯಾವಳು ಹೇಳಿದ್ಲು ನಿಂಗೆ. ಹೇಳಿದವಳು ಹಿಂಗೇ ಬೆಳೆದು ತಿಂತಾಳೆ ಮಾಯಿ, ನೀವು ತಿನ್ನಲ್ಲ, ತಿನ್ನದಿದ್ರೆ ನಿಮ್ಮನ್ನ ಕರ್ಕೊಂಡ್ ಹೋಗ್ತಾರೆ, ನಾನು ದಿನಾ ಒರೆಸೋ ಆ ಹಾಸಿಗೇಲಿ ನಿಮ್ಮನ್ನ ಮಲಗಿಸ್ತಾರೆ, ನಾನ್ ಒರೆಸೋದಿಲ್ಲ, ನನ್ ಕೈಲಾಗಲ್ಲ — ಕೂಗುತ್ತಿದ್ದೇನೆ, ನನ್ನ ದನಿಯೇ ಇದು, ನನ್ನ ಬೆರಳು ಅವಳ ಮುಖದ ಮುಂದೆ ನೆಟ್ಟಗೆ ನಿಂತಿದೆ, ಬಾಗಿಲ್ಲ, ನಾನೇ ನೋಡಿ ಹೆದರಿದೆ. ಮಾಯಿಯೂ ಅದನ್ನೇ ನೋಡುತ್ತಿದ್ದಾಳೆ. ಲಕ್ವ ಹೊಡೆದ ಮೇಲೆ ಬಲಗೈ ಹೋಗಿದೆ, ಕಂಬಳಿಯೊಳಗಿಂದ ಎಡಗೈ ಬಂತು, ಮೂಳೆ ಮತ್ತು ಚರ್ಮ, ತಣ್ಣಗಿದೆ, ನನ್ನ ಬೆರಳನ್ನು ಹಿಡಿಯಿತು, ಮೆಲ್ಲಗೆ ಮಡಚಿತು, ಲಟಕ್ ಅನ್ನಲಿಲ್ಲ ಈ ಸಲ, ಬಿಡಲೂ ಇಲ್ಲ, ಎಳೆಯುತ್ತಿದ್ದಾಳೆ, ಕಿಟಕಿಯ ಕಡೆಗೆ, ಕುರ್ಚಿಯಿಂದ ಅರ್ಧ ಎದ್ದು, ನಾನು ಸೊಂಟಕ್ಕೆ ಕೈಯೊಡ್ಡಿದೆ, ಹಿಂಗೆ ಬಗ್ಗಿಸಿ, ಎಷ್ಟು ಸಲ ಹೇಳ್ಬೇಕು ನಿಂಗೆ, ನನ್ನ ಗೆಣ್ಣನ್ನು ಹೂವಿನ ಹಿಂದಕ್ಕೆ ತಂದು ತಟ್ಟಿದಳು, ಒಮ್ಮೆ, ಸಣ್ಣ ಬೂದಿಯಂಥ ಪುಡಿ ಬೆಳಕಿನಲ್ಲಿ ಇಳಿಯಿತು, ಹೂವು ಅಲುಗುತ್ತಿದೆ, ಬಿತ್ತು ಅಂದುಕೊಂಡೆ, ಬೀಳಲಿಲ್ಲ, ಇನ್ನೊಂದ್ಸಲ ಎನ್ನುತ್ತಾಳೆ ಮಾಯಿ, ಅವಳ ಮುಷ್ಟಿಯೊಳಗೆ ಬಾಗಿದ ಬೆರಳು, ಬಾಗಿದ ಬೆರಳು