ಕಿಟಕಿಯ ಬೆಳಕು

"ಗಾಯ ಮುಚ್ಚಿಟ್ಟುಕೊಂಡು ಯಾರಾದ್ರೂ ವೈದ್ಯರ ಹತ್ರ ಹೋಗ್ತಾರಾ ಮೇಷ್ಟ್ರೇ? ಬಿಚ್ಚಿ ತೋರ್ಸಿ."

ಹರಿದ ಬಟ್ಟೆಗೆ ಎಳೆ ಹಾಕಿ ಸರಿಮಾಡುವ ರಫೂಗಾರ ಹೀಗೆ ಗದರಿದ ಮೇಲೆ ಮೇಷ್ಟ್ರು, ಮಡಿಸಿ ಮಡಿಸಿ ಗಂಟು ಮಾಡಿಕೊಂಡು ತಂದಿದ್ದ ಬೂದು ಕೋಟನ್ನು ನಾಚುತ್ತಲೇ ಬಿಡಿಸಿದರು. ಮೊಣಕೈ ಹತ್ತಿರ ಇಲಿ ಕಡಿದಿತ್ತು. ರಫೂಗಾರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನ ಕ್ರಮವೇ ಹಾಗೆ: ಮೊದಲು ಬೆಳಕು, ಆಮೇಲೆ ಸೂಜಿ. ತೂತಿನ ಅಂಚಿನಲ್ಲಿ ಸವೆದ ನೂಲನ್ನೆಲ್ಲ ಕತ್ತರಿಸಿ ತೂತನ್ನೇ ಇನ್ನಷ್ಟು ದೊಡ್ಡದು ಮಾಡುತ್ತಿದ್ದ. ಬಳಿಕ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ಹರಿದಿತ್ತೆಂಬ ಗುರುತೇ ಸಿಗದ ಹಾಗೆ ನೇಯುತ್ತಿದ್ದ. ಆ ಹೊತ್ತಿನಲ್ಲಿ ದೇವರ ಮುಂದೆ ಕೂತವನ ಹಾಗೆ ಅವನ ಬಾಯಿ ಕಟ್ಟಿರುತ್ತಿತ್ತು. ಇತ್ತೀಚೆಗೆ ಕಪ್ಪು ಬಟ್ಟೆ ತಂದವರನ್ನು ಮಾತ್ರ "ಕೈತುಂಬ ಕೆಲಸ ಇದೆ" ಎಂದು ಹಾಗೇ ಕಳಿಸಿಬಿಡುತ್ತಿದ್ದ.

ಮೇಷ್ಟ್ರು ಆಚೆ ಹೋದದ್ದೇ ರಫೂಗಾರನ ಮಗಳು ಒಳಗಿನಿಂದ ಬಂದಳು. ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಅವಳಿಗೆ ಸೀಟು ಸಿಕ್ಕಿತ್ತು. ಕಷ್ಟದಲ್ಲಿರುವ ಮನೆಯ ಮಕ್ಕಳಿಗೆ ಅಲ್ಲಿ ಶುಲ್ಕದ ಸಹಾಯ ಕೊಡುತ್ತಾರೆಂದು ತಿಳಿದು, ಕಚೇರಿಯಿಂದ ಕಚೇರಿಗೆ ತಾನೇ ಅಲೆದು ಅರ್ಜಿ ಹಾಕಿದ್ದಳು. ಆ ಸಹಾಯ ಸಿಗದಿದ್ದರೆ ಸೀಟು ಬೇರೆಯವರ ಪಾಲು.

"ಅಪ್ಪ, ನಾಳೆ ಅಲ್ಲಿಂದ ಒಬ್ರು ಮನೆ ನೋಡೋಕೆ ಬರ್ತಾರಂತೆ."

"ಮನೆಗಾ?" ರಫೂಗಾರನ ಕೈಯ ಸೂಜಿ ನಿಂತಿತು.

ಮರುದಿನ ಬೆಳಗ್ಗೆ ಪಕ್ಕದ ಮನೆಯ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ರಫೂಗಾರ ಆಚೆಯಿಂದ ನೂಕುತ್ತಿದ್ದ. ಈಚೆ ಅವನ ತಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ರು. ನೀನು ಪಕ್ಕದ ಮನೆ ಹಾಸಿಗೆ ತಂದು ಕಾಲು ಚಾಚ್ತಿದ್ದೀಯಲ್ಲೋ!"

"ನೀನು ಸುಮ್ನಿರಮ್ಮ. ಸ್ವಲ್ಪ ಎಳಿ."

ಸೋಫಾ ಒಳಗೆ ಬಂತು. ಕಿಟಕಿಯ ಕೆಳಗಿನ ಚಾಪೆ, ಸೂಜಿಡಬ್ಬಿ ಮಂಚದಡಿ ಸೇರಿದವು. ರಿಪೇರಿಗೆ ಬಂದಿದ್ದ ಗಿರಾಕಿಗಳ ಕೋಟುಗಳು ಮನೆಯವರದೇ ಎಂಬಂತೆ ಗೋಡೆಯ ಗೂಟಗಳಲ್ಲಿ ಸಾಲಾಗಿ ತೂಗಿದವು. ಕೊನೆಗೆ ರಫೂಗಾರ ಮೇಷ್ಟ್ರ ಬೂದು ಕೋಟನ್ನೇ ತೊಟ್ಟುಕೊಂಡ. ಗಿರಾಕಿಯ ಬಟ್ಟೆಗೆ ಮೈ ತಾಗಿಸಬಾರದೆಂದು ಅವನಪ್ಪ ಕಲಿಸಿದ್ದ. ಇಷ್ಟು ವರ್ಷ ಅವನು ಆ ಮಾತು ಮೀರಿರಲಿಲ್ಲ.

ಮಗಳು ಗೋಡೆ ನೋಡಿದಳು, ಅಪ್ಪನನ್ನು ನೋಡಿದಳು. "ಇದೇನಪ್ಪ? ಇಲ್ಲ ಅಂತ ಕೇಳಿರೋದು ನಾವು. ಇದೆ ಅಂತ ತೋರ್ಸೋದಾ?"

"ನಮ್ಮಪ್ಪ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಬಂದೋರು ಮೂಗು ಮುರೀಬೇಕಾ? ಮರ್ಯಾದಸ್ಥರು ಅಂತ ಗೊತ್ತಾದ್ರೆ ಸಂತೋಷವಾಗೇ ಕೊಡ್ತಾರೆ."

"ಹೊಟ್ಟೆ ತುಂಬಿದೆ ಅಂದೋರಿಗೆ ಯಾರಪ್ಪ ಬಡಿಸ್ತಾರೆ? ನಾನು ಭಿಕ್ಷೆ ಕೇಳ್ತಿಲ್ಲ, ಓದೋಕೆ ದಾರಿ ಕೇಳ್ತಿದ್ದೀನಿ. ನೋಡು, ಅವ್ರೆದುರಿಗೆ ನಿನ್ನ ಮಾತು ತೆಗೆದುಹಾಕಲ್ಲ. ಆದ್ರೆ ನನ್ನನ್ನೇ ಕೇಳಿದ್ರೆ ಸುಳ್ಳೂ ಹೇಳಲ್ಲ."

ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ನಡೆದು ದಣಿದಿದ್ದರು. ಸೋಫಾದಲ್ಲಿ ಕೂತು ನೀರು ಕುಡಿದು, ಗೋಡೆಯತ್ತ ಕಣ್ಣು ಹಾಯಿಸಿದರು.

"ಕೆಲಸ ಹೇಗೆ ನಡೀತಿದೆ?"

"ಮೇಲಿನವನ ದಯೆ, ಯಾವುದಕ್ಕೂ ಕೊರತೆ ಇಲ್ಲ," ಎಂದ ರಫೂಗಾರ. ಅಜ್ಜಿ ಕೆಮ್ಮಿದಳು. ಮಗಳು ಕೈಕಟ್ಟಿ ನಿಂತಿದ್ದಳು. ಅವಳ ದವಡೆ ಮಾತ್ರ ಬಿಗಿದಿತ್ತು.

"ಕೇಳಿ ಸಂತೋಷ," ಎಂದು ಅಧಿಕಾರಿ ಚೀಲ ಎತ್ತಿಕೊಂಡರು. "ಬೇಜಾರು ಮಾಡ್ಕೋಬೇಡಿ. ಇರೋದು ಕೆಲವೇ ಮಕ್ಕಳಿಗೆ ಸಾಲೋವಷ್ಟು. ಏನೂ ಇಲ್ಲದ ಮನೆಗಳು ಇನ್ನೂ ಇವೆ."

ಅಷ್ಟರಲ್ಲಿ ಬಾಗಿಲಲ್ಲಿ ಮೇಷ್ಟ್ರ ದನಿ. "ಏನಪ್ಪಾ, ನನ್ನ ಕೋಟು..."

ಮಾತು ಅಲ್ಲೇ ನಿಂತಿತು. ಕೋಟು ರಫೂಗಾರನ ಮೈಮೇಲಿತ್ತು. ಮೇಷ್ಟ್ರು ಸೋಫಾ ನೋಡಿದರು, ಅಪರಿಚಿತ ಹೆಂಗಸನ್ನು ನೋಡಿದರು. ಎಲ್ಲ ಅರ್ಥವಾಯಿತೇನೋ, ಮುಖ ಮೆತ್ತಗಾಯಿತು.

"ನನ್ನ ಕೋಟು ನಿಧಾನಕ್ಕೆ ಆಗ್ಲಿ, ಅವಸರ ಇಲ್ಲ. ನಿನಗೆ ಈ ಕೋಟು ಚೆನ್ನಾಗಿ ಒಪ್ಪುತ್ತೆ ಕಣಯ್ಯ," ಎಂದು ತಿರುಗಿ ಹೊರಟರು.

ಮಾನ ಉಳಿಯಿತು. ರಫೂಗಾರ ಉಸಿರು ಬಿಟ್ಟ. ಆದರೆ ಆ ಉಸಿರು ಎದೆಯಲ್ಲೇ ಎಲ್ಲೋ ಸಿಕ್ಕಿಕೊಂಡಿತು. ನಿನ್ನೆ ಇದೇ ಬಾಗಿಲಲ್ಲಿ ಇದೇ ಮನುಷ್ಯ ನಾಚುತ್ತ ನಿಂತಿದ್ದರು. ಬಿಚ್ಚಿ ತೋರ್ಸಿ ಎಂದು ಗದರಿದವನು ತಾನು. ಅವರು ನಾಚಿಕೆ ನುಂಗಿ ತೋರಿಸಿದ್ದರಿಂದಲ್ಲವೇ ಮೊಣಕೈ ಇವತ್ತು ನೆಟ್ಟಗಿರುವುದು? ಮಗಳತ್ತ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಬೇಡಲೂ ಇಲ್ಲ. ಕಾಯುತ್ತಿದ್ದಳು.

"ಮೇಷ್ಟ್ರೇ, ನಿಲ್ಲಿ."

ರಫೂಗಾರ ಕೋಟು ಬಿಚ್ಚಿದ. ಒಳಗಿನ ಅಂಗಿಯ ಹೆಗಲು ಹರಿದಿತ್ತು. ಊರ ಬಟ್ಟೆಗೆಲ್ಲ ಎಳೆ ಹಾಕುವವನಿಗೆ ತನ್ನದಕ್ಕೆ ಹಾಕಲು ಬಿಡುವಾಗಿರಲಿಲ್ಲ. ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರಿಗೊಪ್ಪಿಸಿದ. "ತಪ್ಪಾಯ್ತು. ಮೈಗೆ ತಾಗಿಸಿಬಿಟ್ಟೆ."

ಆಮೇಲೆ ಅಧಿಕಾರಿಯತ್ತ ತಿರುಗಿದ.

"ಅಮ್ಮಾ, ಈ ಕೋಟುಗಳ್ಯಾವುವೂ ನಮ್ಮವಲ್ಲ. ನೀವು ಕೂತಿದ್ದ ಸೋಫಾ ಪಕ್ಕದ ಮನೆಯವರದು."

"ನನ್ನ ಸೊಂಟಾನ ಕೇಳಿದ್ರೂ ಅದೇ ಹೇಳುತ್ತೆ," ಎಂದಳು ಅಜ್ಜಿ.

ಅಧಿಕಾರಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಚೀಲವನ್ನು ಮತ್ತೆ ಕೆಳಗಿಟ್ಟರು. "ಹಾಗಾದ್ರೆ ನಿಮ್ಮದು ಯಾವುದು?"

ರಫೂಗಾರ ಬಗ್ಗಿ ಮಂಚದಡಿಯಿಂದ ಚಾಪೆ, ಸೂಜಿಡಬ್ಬಿ ಎಳೆದ. "ಇದು. ಮತ್ತೆ... ಕಪ್ಪು ಬಟ್ಟೆ ಮೇಲೆ ನನಗೆ ಎಳೆ ಕಾಣಲ್ಲಮ್ಮ. ಕಣ್ಣು ಮಂಜಾಗ್ತಾ ಇದೆ. ಅರ್ಧ ಕೆಲಸ ವಾಪಸು ಹೋಗ್ತಿದೆ. ಇದನ್ನ ಮಗಳಿಗೂ ಹೇಳಿರ್ಲಿಲ್ಲ."

"ಅಪ್ಪ!" ಎಂದಳು ಮಗಳು. ಇಷ್ಟು ಹೊತ್ತು ಬಿಗಿದಿದ್ದ ದವಡೆ ನಡುಗಿತು. ಮರುಗಳಿಗೆಗೇ ಸಾವರಿಸಿಕೊಂಡು ಬಂದು ಚಾಪೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಅದರ ಜಾಗದಲ್ಲಿ ಹಾಸಿದರು.

"ಇನ್ನೂ ಕೇಳಬೇಕಾದ್ದು ಬಹಳ ಇದೆ," ಎಂದರು ಅಧಿಕಾರಿ. "ಎಲ್ಲಿ ಕೂತ್ಕೊಳ್ಳಲಿ?"

ರಫೂಗಾರ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದ.

"ಇಲ್ಲಿ ಬನ್ನಿ ತಾಯಿ. ಇಲ್ಲಿ ಬೆಳಕು ಚೆನ್ನಾಗಿದೆ."